ಎರಡು ಕೋವಿಗೆ ಒಂದೇ ಮದ್ದು

ಒಂದೇ ಈಡಿಗೆ ತೆಂಗಿನಕಾಯಿಯೂ ಒಡೆಯಿತು, ಕೋವಿಯೂ ಒಡೆಯಿತು. ಕಾಯಿಯ ನೀರು ಆಚೆ ಚೆಲ್ಲಿತು. ಈಚೆ ತುಕ್ರಪ್ಪ ಗೌಡರು ತಮ್ಮದೇ ಅಂಗಳದಲ್ಲಿ ಅಂಗಾತ ಬಿದ್ದರು. ಮತ್ತೆ ಏಳಲಿಲ್ಲ.

ಅಂದು ಕೆಡ್ಡಸದ ಮೊದಲ ದಿನ. ಭೂಮಿತಾಯಿ ಮುಟ್ಟಾಗುವ ಮೂರು ದಿನ. ಆ ಮೂರು ದಿನ ತುಳುನಾಡಿನಲ್ಲಿ ಮಣ್ಣಿಗೆ ಹಾರೆ ಹಾಕುವಂತಿಲ್ಲ, ಹಸಿ ಗಿಡಕ್ಕೆ ಕತ್ತಿ ತಾಗಿಸುವಂತಿಲ್ಲ. ಹಿಂದೆಲ್ಲ ಊರಿಗೆ ಊರೇ ಬೇಟೆಗೆ ಹೊರಡುತ್ತಿತ್ತು. ಈಗ ಬೇಟೆ ಇಲ್ಲ. ಬೆಳ್ತಂಗಡಿಯ ಘಾಟಿ ಬದಿಯ ಆ ಮನೆಯಲ್ಲಿ ಮಾತ್ರ ಹಳೆಯದರ ಒಂದು ತುಣುಕು ಉಳಿದಿತ್ತು. ಮುನ್ನಾದಿನ ಸಂಜೆ ಕೋವಿಯನ್ನು ಚಾವಡಿಯಲ್ಲಿ ದೈವದ ಮಣೆಯ ಮುಂದೆ ಇಡಬೇಕು. ಮಣೆಯ ಮೇಲೆ ಒಂದೇ ಒಂದು ತೋಟೆ, ಅದಕ್ಕೆ ಕುಂಕುಮದ ಬೊಟ್ಟು. ಬೆಳಗ್ಗೆ ಮನೆಯ ಹಿರಿಯ ಅದೇ ತೋಟೆಯನ್ನು ಕೋವಿಗೆ ಹಾಕಿ, ಸತ್ತ ಹಲಸಿನ ಬುಡದ ಪೊಟರೆಯಲ್ಲಿಟ್ಟ ಕಾಯಿಗೆ ಗುರಿ ಇಡಬೇಕು. ಪ್ರಾಣಿಯ ಬದಲು ಕಾಯಿ. ಅಷ್ಟೇ.

ಎಸ್ಸೈ ವಿಜೇತಾ ಬರುವಷ್ಟರಲ್ಲಿ ಅಂಗಳದಲ್ಲಿ ಜನ ತುಂಬಿದ್ದರು. ವಿಚಾರಣೆಯನ್ನು ಅವರೇ ಮುಗಿಸಿಯೂ ಆಗಿತ್ತು.

"ಇದು ಮೂಡುಬಿದಿರೆಯ ವಿಜಯರಾಜರ ಕೆಲಸ ಮೇಡಂ," ಎಂದ ಒಬ್ಬ. ಸತ್ತವರ ತಮ್ಮನ ಮಗ ಅಶ್ವಿತ್. ಅದೇ ಅಂಗಳದ ಆಚೆ ಬದಿಯ ಮನೆ ಅವನದ್ದು. "ದೊಡ್ಡಪ್ಪನ ತೋಟೆಗೆ ಮದ್ದು ತುಂಬಿಸಿ ಕೊಡುವುದು ಅವರೇ. ಇವರ ಕೋವಿಯ ಅಳತೆ ಬೇರೆ, ಅವರದ್ದು ಬೇರೆ. ಎರಡಕ್ಕೂ ಒಂದೇ ಡಬ್ಬದ ಮದ್ದು. ಯಾರಾದರೂ ಹಾಗೆ ಮಾಡ್ತಾರಾ? ಜಿಪುಣತನಕ್ಕೂ ಒಂದು ಮಿತಿ ಬೇಡವಾ?"

"ಒಂದೇ ಮದ್ದು ಅಂತ ನಿಮಗೆ ಯಾರು ಹೇಳಿದ್ದು?"

"ಊರಿಗೇ ಗೊತ್ತುಂಟು. ದೊಡ್ಡಪ್ಪನೇ ತಮಾಷೆ ಮಾಡ್ತಿದ್ದರು. ನಮ್ಮಿಬ್ಬರ ಹುಚ್ಚಿಗೂ ಒಂದೇ ಮದ್ದು ಅಂತ."

ಜನ ತಲೆ ಆಡಿಸಿದರು. ಸರ್ಕಲ್ ಇನ್‌ಸ್ಪೆಕ್ಟರರ ಫೋನು ಬಂತು. ಅವರಿಗೂ ಆಗಲೇ ಸುದ್ದಿ ಮುಟ್ಟಿತ್ತು. "ನಿರ್ಲಕ್ಷ್ಯ ಅಂತ ಬರೆದು ಆ ಮುದುಕನನ್ನು ಒಳಗೆ ಹಾಕಿ. ಇದರಲ್ಲಿ ಪತ್ತೆ ಮಾಡುವುದು ಎಂತ ಉಂಟು?"

ವಿಜೇತಾ ಫೋನನ್ನು ಜೇಬಿಗೆ ತುರುಕಿದಳು. ಹೆಣ ಇನ್ನೂ ಬೆಚ್ಚಗಿತ್ತು. ಅಪರಾಧಿ ಮಾತ್ರ ಆಗಲೇ ಸಿದ್ಧ. ಜಗುಲಿಯ ಮೂಲೆಯಲ್ಲಿ ತುಕ್ರಪ್ಪರ ಹೆಂಡತಿ ಸೇಸಮ್ಮ ಕೂತಿದ್ದರು. ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅದನ್ನು ಕಂಡು ವಿಜೇತಾಳಿಗೆ ಸಿಟ್ಟು ನೆತ್ತಿಗೇರಿತು.

ಹೋಗಿ ಪಕ್ಕದಲ್ಲೇ ಕೂತಳು. "ಅಕ್ಕ, ನೀವು ಎಂತ ಹೇಳ್ತೀರಿ?"

"ವಿಜಯರಾಜಣ್ಣ ಮಾಡಿದ್ದಲ್ಲ."

"ಬೇಕೂಂತ ಅಲ್ಲದಿದ್ದರೂ ಕೈತಪ್ಪು ಆಗ್ತದೆ ಅಕ್ಕ."

"ನಮ್ಮ ಕೈಯಲ್ಲಿ ಆಗ್ತದೆ. ಅವರ ಕೈಯಲ್ಲಿ ಆಗುವುದಿಲ್ಲ." ಸೇಸಮ್ಮ ತಲೆ ಎತ್ತಿದರು. ಕಣ್ಣಲ್ಲಿ ನೀರಿರಲಿಲ್ಲ. "ನನ್ನ ಗಂಡ ಹೋದರು. ಅವರ ಜೀವದ ಗೆಳೆಯನನ್ನು ಜೈಲಿಗೆ ಹಾಕಿ ನನ್ನ ಬಾಯಿ ಮುಚ್ಚಿಸಬೇಡಿ. ಯಾರು ಅಂತ ನನಗೆ ಬೇಕು."

"ನಿನ್ನೆ ಸಂಜೆ ಚಾವಡಿಗೆ ಯಾರೆಲ್ಲ ಬಂದಿದ್ದರು?"

"ನಾನು, ಇವರು, ಅಶ್ವಿತ್, ಅವನ ಅಮ್ಮ. ರಬ್ಬರ್ ಟ್ಯಾಪಿಂಗಿನ ವಸಂತ ಸಂಬಳಕ್ಕೆ ಬಂದಿದ್ದ. ಇವರ ಹತ್ತಿರ ಸ್ವಲ್ಪ ಜೋರು ಮಾತಾಯಿತು. ಹಾಗೇ ಹೋದ."

ವಿಜೇತಾ ಎದ್ದಳು. ಹೆಡ್ ಕಾನ್‌ಸ್ಟೇಬಲ್ ಧರ್ಣಪ್ಪನನ್ನು ಕರೆದಳು. "ಗೇಟಿನಲ್ಲಿ ಇಬ್ಬರನ್ನು ನಿಲ್ಲಿಸಿ. ಒಳಗಿಂದ ಯಾವ ಚೀಲ ಹೊರಗೆ ಹೋದರೂ ಬಿಚ್ಚಿ ನೋಡಬೇಕು. ನಾನು ವಾಪಸ್ ಬರುವವರೆಗೆ."

* * *

ಮೂಡುಬಿದಿರೆಯಲ್ಲಿ ಬಸದಿಯ ಹಿಂದಿನ ಓಣಿ. ಮನೆಯ ಹಿಂದೆ ಸಣ್ಣ ಕೋಣೆ. ತೋಟೆ ತುಂಬಿಸುವ ಕೈಯಚ್ಚು, ತಕ್ಕಡಿ, ತೋಟೆ ನಿಲ್ಲಿಸಿಡುವ ಎರಡು ಮರದ ಹಲಗೆ. ಎಲ್ಲ ಒರೆಸಿ ಇಟ್ಟದ್ದು. ವಿಜಯರಾಜರು ಸ್ಟೂಲಿನ ಮೇಲೆ ಕುಸಿದು ಕೂತಿದ್ದರು. ಸುದ್ದಿ ಕೇಳಿದ ಮೇಲೆ ನೀರೂ ಮುಟ್ಟಿರಲಿಲ್ಲ.

"ನಾನೇ ಕೊಂದದ್ದು ಬರೆದುಕೊಳ್ಳಿ ಅಮ್ಮ," ಎಂದರು. "ನನ್ನ ಮದ್ದು. ನನ್ನ ಕೈ. ಇನ್ನೆಂತ ಬೇಕು?"

"ನನಗೆ ಬೇಕಾದ್ದನ್ನು ನಾನು ಕೇಳ್ತೇನೆ. ಎರಡು ಕೋವಿಗೆ ಒಂದೇ ಮದ್ದು ಯಾಕೆ?"

"ಶೂಟಿಂಗ್ ಕ್ಲಬ್ಬಿನ ಅನುಮತಿಯಲ್ಲಿ ಸಿಗುವುದು ಒಂದೇ ಡಬ್ಬ. ಅದೂ ವರ್ಷಗಟ್ಟಲೆ ಕಾದರೆ."

"ಅವರಿಗೆ ತುಂಬಿಸಿ ಕೊಡಲು ಅನುಮತಿ ಇತ್ತಾ?"

"ಇಲ್ಲ. ಅದು ತಪ್ಪು. ಒಪ್ಪುತ್ತೇನೆ."

"ಒಂದೇ ಮದ್ದು ಎರಡಕ್ಕೂ ಆಗ್ತದಾ? ಅದು ಹೇಳಿ."

ಮುದುಕರ ಮುಖದಲ್ಲಿ ಸ್ವಲ್ಪ ಜೀವ ಬಂತು. ಅವರದ್ದು ದೊಡ್ಡ ರೈಫಲ್, ಥರ್ಟಿ ನಾಟ್ ಸಿಕ್ಸ್. ತುಕ್ರಪ್ಪರದ್ದು ತಂದೆಯ ಕಾಲದ ತ್ರೀ ಫಿಫ್ಟೀನ್. ಇಬ್ಬರೂ ಭಾನುವಾರ ಮಿಜಾರಿನ ಆಚೆ ಕ್ಲಬ್ಬಿನ ಮೈದಾನದಲ್ಲಿ ಕಾಗದಕ್ಕೆ ಗುರಿ ಇಡುತ್ತಿದ್ದರು. ಜೀವಿಗೆ ಅಲ್ಲ. ಆ ಮಾತಿನ ಮೇಲೆಯೇ ವಿಜಯರಾಜರು ತೋಟೆ ಕೊಡುತ್ತಿದ್ದದ್ದು.

"ಮದ್ದಿನಲ್ಲಿ ಬೇಗ ಉರಿಯುವುದು ಉಂಟು, ನಿಧಾನಕ್ಕೆ ಉರಿಯುವುದು ಉಂಟು. ತೀರಾ ನಿಧಾನದ್ದು ನನ್ನ ಕೋವಿಗೆ ಒಳ್ಳೆಯದು, ತುಕ್ರಪ್ಪನದ್ದರಲ್ಲಿ ಅರ್ಧ ಉರಿಯದೆ ಉಳೀತದೆ. ಬೇಗದ್ದು ಎರಡಕ್ಕೂ ಅಪಾಯ. ಹಾಗಾಗಿ ನಡುವಿನದ್ದು ಹುಡುಕಿದೆ. ನನ್ನ ಕೋವಿಗೆ ಅದಕ್ಕಿಂತ ಒಳ್ಳೆಯದು ಉಂಟು. ಅವನದ್ದಕ್ಕೂ ಉಂಟು. ಆದರೆ ಎರಡಕ್ಕೂ ಸೇರಿ ಇದಕ್ಕಿಂತ ಒಳ್ಳೆಯದು ಇಲ್ಲ." ಉಸಿರು ತೆಗೆದುಕೊಂಡರು. "ಕುಚ್ಚಲಕ್ಕಿಗೂ ಬೆಳ್ತಿಗೆ ಅಕ್ಕಿಗೂ ಸೌದೆ ಒಂದೇ ಅಲ್ವಾ? ಎಷ್ಟು ಇಡಬೇಕು ಅಂತ ಗೊತ್ತಿರಬೇಕು. ತೂಗದೆ ಒಂದು ತೋಟೆಯೂ ನನ್ನ ಕೈಯಿಂದ ಹೋದದ್ದಿಲ್ಲ. ಇಷ್ಟು ವರ್ಷ ಅಂದುಕೊಂಡಿದ್ದೆ. ಈಗ ನನ್ನ ಕೈಯ ಮೇಲೆ ನನಗೇ ನಂಬಿಕೆ ಇಲ್ಲ."

"ಇಬ್ಬರ ತೋಟೆಯನ್ನೂ ಒಟ್ಟಿಗೇ ತುಂಬಿಸುವುದಾ?"

"ಒಂದೇ ಬಾರಿಗೆ ಕೂತು. ಮೊದಲು ಅವನದ್ದು, ಆಮೇಲೆ ನನ್ನದು. ಡಬ್ಬದ ಮುಚ್ಚಳ ತೆಗೆಯುವುದು ಒಂದೇ ಸಲ."

"ಹಾಗಾದರೆ ಬಿಚ್ಚುವ."

ತುಕ್ರಪ್ಪರ ಕಪಾಟಿನಿಂದ ತಂದ ತೋಟೆಗಳ ಪೆಟ್ಟಿಗೆಯನ್ನು ವಿಜೇತಾ ಮೇಜಿನ ಮೇಲಿಟ್ಟಳು. ವಿಜಯರಾಜರು ಒಂದೊಂದನ್ನೇ ಬಿಚ್ಚಿ ಬಿಳಿ ಹಾಳೆಯ ಮೇಲೆ ಸುರಿದರು. ಎಲ್ಲವೂ ಒಂದೇ. ಕತ್ತರಿಸಿದ ಜೀರಿಗೆಯಂತಹ ಸಣ್ಣ ಕಡ್ಡಿಗಳು. ತೂಕವೂ ಒಂದೇ. ಅವರದೇ ದೊಡ್ಡ ತೋಟೆ ಬಿಚ್ಚಿದರು. ಅದೇ ಕಡ್ಡಿ. ಡಬ್ಬದಲ್ಲೂ ಅದೇ ಕಡ್ಡಿ.

ಧರ್ಣಪ್ಪ ಬಗ್ಗಿ ನೋಡಿದ. "ಎಲ್ಲ ಸರಿ ಉಂಟಲ್ಲ ಮೇಡಂ. ಹಾಗಾದರೆ ಸಿಡಿದದ್ದು ಎಂತ?"

"ಸಿಡಿದದ್ದು ಒಂದೇ. ಮಣೆಯ ಮೇಲೆ ಇಟ್ಟದ್ದು." ವಿಜೇತಾ ಹಾಳೆಯನ್ನು ಮಡಚಿದಳು. "ಡಬ್ಬದಲ್ಲಿ ತಪ್ಪಿದ್ದರೆ ಎಲ್ಲದರಲ್ಲೂ ಇರಬೇಕಿತ್ತು. ಎಲ್ಲ ಬಿಟ್ಟು ಕುಂಕುಮ ಹಚ್ಚಿದ ಒಂದನ್ನೇ ಹುಡುಕಿಕೊಂಡು ಹೋಗಲು ತಪ್ಪಿಗೆ ಕಣ್ಣಿಲ್ಲ ಧರ್ಣಪ್ಪ. ಕೊಲೆಗಾರನಿಗೆ ಉಂಟು."

ವಿಜಯರಾಜರು ಡಬ್ಬದ ಮುಚ್ಚಳ ಬಿಗಿದು ಅವಳ ಕಡೆ ಸರಿಸಿದರು.

"ಡಬ್ಬ ನನ್ನ ವಶಕ್ಕೆ. ಅನುಮತಿ ಇಲ್ಲದೆ ತುಂಬಿಸಿ ಕೊಟ್ಟದ್ದಕ್ಕೆ ನಿಮ್ಮ ಮೇಲೆ ಕೇಸು ಆಗ್ತದೆ. ಅದು ನಿಮ್ಮದು," ಎಂದಳು ವಿಜೇತಾ. "ಮಾಡದ್ದನ್ನು ಮೈಮೇಲೆ ಎಳೆದುಕೊಳ್ಳಬೇಡಿ. ಈಗ ಹೋಗಿ ಏನಾದರೂ ಊಟ ಮಾಡಿ. ಹೊತ್ತು ಮುಳುಗಿದರೆ ನೀವು ಜೈನರು ಉಣ್ಣುವುದಿಲ್ಲ ಅಂತ ಗೊತ್ತುಂಟು."

* * *

ಮರುದಿನ ಬೆಳಗ್ಗೆ ಅದೇ ಅಂಗಳ. ಗುಂಡು ಬೇಕಿತ್ತು. ಹಲಸಿನ ಬುಡದ ಹಿಂದೆ ಗುಡ್ಡ ಕಡಿದ ಮಣ್ಣಿನ ದರೆ. ಧರ್ಣಪ್ಪ ಹಾರೆ ಎತ್ತಿದ.

"ಏ, ಏ! ನಿಲ್ಲಿಸಿ!" ಅಶ್ವಿತ್ ಓಡಿಬಂದ. ಮುಖ ಬಿಳಿಚಿತ್ತು. "ಕೆಡ್ಡಸ ಮಾರಾಯ್ರೆ! ಮಣ್ಣಿಗೆ ಹಾರೆ ಹಾಕ್ತಾರಾ? ಪೊಲೀಸರಾದರೆ ಭೂಮಿ ಬೇರೆಯಾ? ನಾಳೆ ಕಳೆಯಲಿ. ಆಮೇಲೆ ಗುಡ್ಡವನ್ನೇ ಅಗೆಯಿರಿ."

ಅಂಗಳದಲ್ಲಿದ್ದವರೆಲ್ಲ ಹೌದು ಹೌದು ಎಂದರು. ಧರ್ಣಪ್ಪನೂ ಹಾರೆ ಕೆಳಗಿಟ್ಟ. ಅವನ ಮನೆಯಲ್ಲೂ ಕೆಡ್ಡಸವೇ.

"ಮಣ್ಣಿನಲ್ಲಿ ಇಲ್ಲ ಅದು," ಎಂದರು ಸೇಸಮ್ಮ ಜಗುಲಿಯಿಂದಲೇ. "ಕಾಯಿ ಇಟ್ಟದ್ದು ಬುಡದ ಪೊಟರೆಯಲ್ಲಿ. ಹಿಂದೆ ಮರವೇ ಇರುವುದು. ಪ್ರತಿ ವರ್ಷದ ಗುಂಡೂ ಅದರೊಳಗೇ ಉಂಟು. ಸತ್ತ ಮರಕ್ಕೆ ಕೆಡ್ಡಸ ಇಲ್ಲ. ಕೊಡಲಿ ಹಾಕಿ."

ಕೊಡಲಿ ಹಾಕಿದರು. ಹಳೆಯ ಗುಂಡುಗಳು ಕಪ್ಪಾಗಿದ್ದವು. ಒಂದು ಮಾತ್ರ ಹೊಳೆಯುತ್ತಿತ್ತು. ವಿಜೇತಾ ಅದನ್ನು ಬೆಳಕಿಗೆ ಹಿಡಿದಳು. ಮೂತಿ ಜಜ್ಜಿ ಹೋಗಿತ್ತು. ಆದರೆ ಪಕ್ಕದಲ್ಲಿ ಎದುರು ಬದುರಾಗಿ ಸಣ್ಣ ಸಣ್ಣ ಅಡ್ಡ ಗೀರುಗಳು. ಸಾಲಾಗಿ.

"ಕೋವಿಯ ನಳಿಗೆ ಹಾಕುವ ಗೀರು ಓರೆಯಾಗಿ ಇರ್ತದೆ," ಎಂದಳು ಮೆಲ್ಲನೆ. "ಇದು ಹಲ್ಲಿನ ಗುರುತು. ಇಕ್ಕುಳದ ಹಲ್ಲು. ಗುಂಡನ್ನು ಯಾರೋ ಕಚ್ಚಿ ಎಳೆದು, ಒಳಗಿನ ಮದ್ದು ಬದಲಿಸಿ, ಮತ್ತೆ ಕೂರಿಸಿದ್ದಾರೆ."

ಅಷ್ಟರಲ್ಲಿ ಸರ್ಕಲ್ ಫೋನು. ಈಗ ಅವರಿಗೆ ಬೇರೆ ಅಪರಾಧಿ ಸಿಕ್ಕಿದ್ದ. "ಆ ಟ್ಯಾಪಿಂಗಿನವ ವಸಂತ ನಾಪತ್ತೆಯಂತೆ. ಜಗಳ ಬೇರೆ ಆಗಿದೆ. ಹಿಡಿದು ನಾಲ್ಕು ಬಿಡಿ. ಬಾಯಿ ಬಿಡ್ತಾನೆ."

ನಿನ್ನೆ ಒಬ್ಬ ಮುದುಕ, ಇಂದು ಒಬ್ಬ ಕೂಲಿ. ದೊಡ್ಡವರ ಬೆರಳು ಯಾವಾಗಲೂ ಕೈಗೆ ಸಿಕ್ಕುವವರ ಕಡೆಗೇ. ವಿಜೇತಾ ಹಲ್ಲು ಕಚ್ಚಿ ಜೀಪು ಹತ್ತಿದಳು.

* * *

ವಸಂತ ನಾಪತ್ತೆ ಆಗಿರಲಿಲ್ಲ. ಬಂಟ್ವಾಳದ ನರಿಕೊಂಬಿನಲ್ಲಿ ಅಕ್ಕನ ಮನೆಯ ಜಗುಲಿಯಲ್ಲಿ ಕೂತು ನನ್ನೇರಿ ತಿನ್ನುತ್ತಿದ್ದ. ಹುರಿದ ಅಕ್ಕಿಯ ಪುಡಿ, ಬೆಲ್ಲ, ಕಾಯಿತುರಿ. ಜೀಪು ಕಂಡು ಬಟ್ಟಲು ಕೈಜಾರಿತು.

"ಓಡಿ ಬಂದದ್ದಾ?" ಎಂದ ಧರ್ಣಪ್ಪ.

"ಯಾಕೆ ಓಡಲಿ? ಕೆಡ್ಡಸಕ್ಕೆ ಮರ ಗೀರುವುದಿಲ್ಲ. ಮೂರು ದಿನ ರಜೆ. ಸಂಬಳ ಕೇಳಿದೆ, ಗೌಡರು ಬೈದರು. ಬೈದು ಕೊಟ್ಟರು. ಅವರದ್ದು ಯಾವಾಗಲೂ ಹಾಗೆಯೇ. ಬೈಯದೆ ಕೊಟ್ಟರೆ ನಾನೇ ಹೆದರ್ತಿದ್ದೆ."

"ಚಾವಡಿಯ ಒಳಗೆ ಹೋಗಿದ್ದೀಯಾ?"

"ಜಗುಲಿಯಲ್ಲೇ ನಿಂತಿದ್ದೆ. ಸೇಸಮ್ಮಕ್ಕ ನೋಡಿದ್ದಾರೆ. ಅಲ್ಲಿಂದ ನೇರ ಬಸ್ಸಿಗೆ. ಅಕ್ಕನ ಗಂಡ ಬಿ.ಸಿ.ರೋಡಿನಲ್ಲಿ ಕಾಯ್ತಿದ್ದರು. ಕೇಳಿ ಬೇಕಾದರೆ."

ಕೇಳಿದಳು. ಹೌದಾಗಿತ್ತು. ಮಣೆಯ ಮೇಲಿನ ತೋಟೆ ತೆಗೆದು, ಬಿಚ್ಚಿ, ಮತ್ತೆ ತಂದಿಡಲು ಹೊತ್ತು ಬೇಕು. ಇವನಿಗೆ ಆ ಹೊತ್ತು ಇರಲಿಲ್ಲ.

ಹೊರಡುವಾಗ ವಸಂತ ತಾನಾಗಿ ಗೊಣಗಿದ. "ನನ್ನನ್ನು ಹುಡುಕಿ ಬಂದಿರಲ್ಲ. ಆ ಶೀಟುಗಳನ್ನು ಯಾರು ನೋಡ್ತಾರೆ? ಬೂಸ್ಟು ಹಿಡಿದಿರ್ತದೆ."

"ಯಾವ ಶೀಟು?"

"ಅಶ್ವಿತಣ್ಣನ ರಬ್ಬರ್ ಶೀಟು. ಅವರದ್ದೂ ನಾನೇ ಮಾಡುವುದು. ಹಸಿ ಹಸಿ, ಒಣಗಿಸುವ ಹೊಗೆಗೂಡಿನಲ್ಲಿ ನೇತು ಹಾಕಿ ಬಂದದ್ದು. ಹೊಗೆ ಹಾಕ್ತೇನೆ ಅಂದರೆ, ಬೇಡ, ನಾನೇ ನೋಡಿಕೊಳ್ತೇನೆ ಅಂದರು. ಯಾವತ್ತೂ ಹಾಗೆ ಹೇಳಿದವರಲ್ಲ. ಹೊಗೆಗೂಡಿನ ಬಾಗಿಲಿಗೆ ಅವರು ಹೋದದ್ದನ್ನೇ ನಾನು ಕಂಡಿಲ್ಲ."

ವಿಜೇತಾ ಜೀಪಿನ ಬಾಗಿಲಲ್ಲಿ ಒಂದು ಕಾಲಿಟ್ಟು ಹಾಗೇ ನಿಂತಳು. ಆ ಎರಡು ದಿನದಲ್ಲಿ ಅಂಗಳದ ಆಚೆ ಬದಿಯಲ್ಲಿ ಒಂದು ಎಳೆ ಹೊಗೆಯನ್ನೂ ಅವಳು ಕಂಡಿರಲಿಲ್ಲ.

* * *

ಕೆಡ್ಡಸದ ಮೂರನೆಯ ದಿನ. ಅಶ್ವಿತನ ಹೊಗೆಗೂಡಿನ ಮುಂದೆ ಸರ್ಕಲ್ ಬಂದು ನಿಂತಿದ್ದರು. ವಿಜೇತಾಳೇ ಕರೆಸಿದ್ದಳು. ಸೇಸಮ್ಮ ಇದ್ದರು. ವಿಜಯರಾಜರೂ ಬಂದಿದ್ದರು. ನೆರೆಕರೆಯವರು ದೂರದಲ್ಲಿ ನಿಂತಿದ್ದರು.

ಬಾಗಿಲು ತೆರೆದರೆ ಮುಗ್ಗಲು ವಾಸನೆ. ಸಾಲು ಸಾಲು ಶೀಟು. ಮೈತುಂಬ ಬೂಸ್ಟು.

"ಇಷ್ಟು ಮಾಲು ಹಾಳಾಗ್ತಾ ಉಂಟಲ್ಲ ಅಶ್ವಿತ್. ಯಾಕೆ ಹೊಗೆ ಹಾಕಲಿಲ್ಲ?"

"ಮನೆಯಲ್ಲಿ ಸಾವು ಆಗಿದೆ ಮೇಡಂ. ಶೀಟು ನೋಡಿಕೊಂಡು ಕೂರ್ತಾರಾ?"

"ಸಾವಿನ ಮೊದಲೇ ವಸಂತನಿಗೆ ಬೇಡ ಅಂದದ್ದು ಯಾಕೆ?"

ಅಶ್ವಿತ್ ಬಾಗಿಲ ಬಳಿಯ ಶೀಟಿನ ಬೂಸ್ಟನ್ನು ಬೆರಳಿನಿಂದ ಒರೆಸತೊಡಗಿದ.

"ಇರಲಿ. ಈಗ ಹಾಕುವ. ಧರ್ಣಪ್ಪ, ಬೆಂಕಿ ತನ್ನಿ."

ಧರ್ಣಪ್ಪ ಉರಿಯುವ ತೆಂಗಿನ ಮಡಲಿನ ಸೂಟೆ ಹಿಡಿದು ಬಂದ. ಗೂಡಿಗೆ ಇನ್ನೂ ದೂರವಿತ್ತು. ವಿಜೇತಾ ಅವನನ್ನು ಅಲ್ಲೇ ನಿಲ್ಲಲು ಮೊದಲೇ ಹೇಳಿದ್ದಳು. ಅಶ್ವಿತನಿಗೆ ಅದು ಗೊತ್ತಿರಲಿಲ್ಲ.

"ಬೇಡ! ಒಳಗೆ ಬೆಂಕಿ ಬೇಡ!" ಎಂದು ಕಿರುಚಿ ನಾಲ್ಕು ಹೆಜ್ಜೆ ಹಿಂದೆ ಹಾರಿದ.



"ಬೆಂಕಿಗೆಂದೇ ಕಟ್ಟಿದ ಗೂಡು," ಎಂದಳು ವಿಜೇತಾ. "ಅಲ್ಲಿ ಬೆಂಕಿಗೆ ಯಾಕೆ ಹೆದರ್ತೀಯ? ಧರ್ಣಪ್ಪ, ಸೂಟೆ ನಂದಿಸಿ. ಅಟ್ಟ ನೋಡಿ."

ಮಸಿ ಹಿಡಿದ ತೊಲೆಯ ಹಿಂದೆ ಪ್ಲಾಸ್ಟಿಕ್ ಚೀಲ ಸಿಕ್ಕಿತು. ಹಂದಿ ಓಡಿಸುವ ದೊಡ್ಡ ಕೋವಿಯ ತೋಟೆಗಳು, ಸೀಳಿದ್ದು. ಒಳಗಿನ ಸೀಸದ ಚರೆ ಒಂದು ಕಡೆ. ಸಣ್ಣ ಬಾಟಲಿಯಲ್ಲಿ ಉಳಿದ ಮದ್ದು. ಕಡ್ಡಿ ಅಲ್ಲ. ಹೊಟ್ಟಿನಂತಹ ತೆಳು ಚಕ್ಕೆ. ಒಂದು ಇಕ್ಕುಳ. ಅದರ ಹಲ್ಲಿನಲ್ಲಿ ಗುಂಡಿನ ತಾಮ್ರ ಇನ್ನೂ ಮಿನುಗುತ್ತಿತ್ತು.

ವಿಜಯರಾಜರು ಬಾಟಲಿಯನ್ನು ನೋಡಿ ಮುಖ ಮುಚ್ಚಿಕೊಂಡರು. "ಇದು ಭಗ್ಗನೆ ಉರಿಯುವ ಮದ್ದು. ಇದನ್ನು ರೈಫಲಿಗೆ... ಅಯ್ಯೋ ತುಕ್ರಪ್ಪ."

"ಹೇಗೆ ಇಲ್ಲೇ ಅಂತ ಗೊತ್ತಾಯಿತು?" ಎಂದರು ಸರ್ಕಲ್. ಸ್ವರ ಇಳಿದಿತ್ತು.

"ಮಣೆಯ ಮೇಲಿನ ಒಂದು ತೋಟೆ ಮಾತ್ರ ಕೆಟ್ಟದ್ದು. ಹಾಗಾದರೆ ಈ ಮನೆಯ ಪದ್ಧತಿ ಗೊತ್ತಿದ್ದವರು. ಸಂಜೆ ತೆಗೆದು ಬೆಳಗ್ಗೆ ಇಡಲು ಹತ್ತಿರವೇ ಇರುವವರು. ಸಾರ್, ಆ ಅಂಗಳದಲ್ಲಿ ಹಂದಿಕೋವಿಯ ಲೈಸೆನ್ಸ್ ಇರುವುದು ಇವನೊಬ್ಬನಿಗೆ. ಮೇಲಿನ ಗುಡ್ಡದಲ್ಲಿ ಮಿಷನಿನಿಂದ ಮುರಕಲ್ಲು ಕೊಯ್ಯುವ ಕೋರೆ ತೆಗೆಯಲು ಹೊರಟವನೂ ಇವನೇ. ಗುಡ್ಡ ಇಬ್ಬರ ಹೆಸರಿನಲ್ಲಿ ಉಂಟು, ದೊಡ್ಡಪ್ಪ ಸಹಿ ಹಾಕಲಿಲ್ಲ. ಗುಡ್ಡ ಕೊಯ್ದರೆ ಅದರೊಳಗೆ ಕೊರೆದ ಸುರಂಗದ ನೀರು ಬತ್ತುತ್ತದೆ, ಕೆಳಗಿನ ಮನೆಗಳಿಗೆ ಕುಡಿಯಲೂ ಇರುವುದಿಲ್ಲ ಅಂದರು. ನಿಮಗೂ ಅರ್ಜಿ ಕೊಟ್ಟಿದ್ದರಂತೆ, ಸೇಸಮ್ಮ ಹೇಳಿದರು."

ಸರ್ಕಲ್ ಕೆಮ್ಮಿದರು.

"ಅಪವಾದ ಹೊರಲು ಒಬ್ಬರು ಸಿದ್ಧ ಇದ್ದರು. ಎರಡು ಕೋವಿಗೆ ಒಂದೇ ಮದ್ದು. ಗೆಳೆಯರಿಬ್ಬರ ತಮಾಷೆಯನ್ನೇ ಹಗ್ಗ ಮಾಡಿ ಈ ಮುದುಕರ ಕುತ್ತಿಗೆಗೆ ಹಾಕಲು ನೋಡಿದ. ನಾವೂ ಎಳೆಯಲು ಹೊರಟೆವು." ಅವಳ ಸ್ವರ ಗಡಸಾಯಿತು. "ಉಳಿದದ್ದು ಈ ಚೀಲ. ಗೇಟಿನಲ್ಲಿ ಪೊಲೀಸರು, ಹೊರಗೆ ಒಯ್ಯುವ ಹಾಗಿಲ್ಲ. ಮದ್ದು, ಸುಡುವ ಹಾಗಿಲ್ಲ. ಯಾರಾದರೂ ಹೂಳ್ತಿದ್ದರು. ಇವನು ಹಾರೆ ಕಂಡು ಮುಖ ಬಿಳಿಚಿ ಓಡಿಬಂದದ್ದು ನೋಡಿದೆ. ಇವನು ಹೂತಿರಲಾರ ಅಂತ ಆಗಲೇ ಅನ್ನಿಸಿತು. ಹಾಗಾದರೆ ನೆಲದ ಮೇಲೆಯೇ ಇರಬೇಕು. ಯಾರೂ ಹೋಗದ ಒಣ ಜಾಗದಲ್ಲಿ. ಹೊಗೆ ನಿಲ್ಲಿಸಿದ ಗೂಡು ಇದೊಂದೇ."

ಧರ್ಣಪ್ಪ ಕೋಳ ತೊಡಿಸಿದ ತನ್ನ ಕೈಗಳನ್ನು ಅಶ್ವಿತ್ ನೋಡುತ್ತಿದ್ದ. ಬೇಸರದಿಂದ, ಯಾರೋ ಅಡಿಕೆ ತೂಕದಲ್ಲಿ ಮೋಸ ಮಾಡಿದರೆಂಬಂತೆ, ಗೊಣಗಿದ. "ನಾಳೆ ಬೆಳಗ್ಗೆ ಹೂಳುವವನಿದ್ದೆ. ಒಂದು ದಿನ ತಪ್ಪಿತು."

"ಮೊನ್ನೆಯೇ ಯಾಕೆ ಹೂಳಲಿಲ್ಲ?"

"ಕೆಡ್ಡಸ ಅಲ್ವಾ ಮೇಡಂ."

ವಿಜೇತಾ ಅವನ ಅಂಗಿಯ ಕಾಲರು ಹಿಡಿದಳು. ಸರ್ಕಲ್ ಇದ್ದದ್ದು ಅವಳಿಗೆ ಕಾಣಲಿಲ್ಲ.

"ಭೂಮಿಗೆ ನೋವಾಗ್ತದೆ ಅಂತ ಒಂದು ಹಿಡಿ ಮಣ್ಣು ಅಗೆಯಲಿಲ್ಲ ನೀನು! ವರ್ಷವಿಡೀ ಅದೇ ಗುಡ್ಡದ ಹೊಟ್ಟೆ ಮಿಷನಿನಲ್ಲಿ ಕೊಯ್ಯಲು ಹೊರಟವ! ಎತ್ತಿ ಆಡಿಸಿದ ದೊಡ್ಡಪ್ಪನಿಗೆ ದೈವದ ಮುಂದೆಯೇ ಸಾವು ಇಟ್ಟವ! ನಿನ್ನ ಭಕ್ತಿಗೆ ಬೆಂಕಿ ಹಾಕ!"

ಧರ್ಣಪ್ಪ ಮೆಲ್ಲನೆ ಅವಳ ಕೈ ಬಿಡಿಸಿದ. ಜೀಪು ಹೊರಟಿತು.

* * *

ಅಂಗಳದಲ್ಲಿ ವಿಜಯರಾಜರು ನಿಂತೇ ಇದ್ದರು. ಸೇಸಮ್ಮನ ಎದುರು ಕೈ ಜೋಡಿಸಿದರು.

"ಕೈ ಇಳಿಸಿ ಅಣ್ಣ," ಎಂದರು ಸೇಸಮ್ಮ. "ನಿಮ್ಮ ಮದ್ದು ಸರಿ ಇತ್ತು. ಕೆಟ್ಟದ್ದು ನಮ್ಮ ಮನೆಯಲ್ಲಿ ಇತ್ತು."

ಒಳಗೆ ಹೋಗಿ ಎಣ್ಣೆಯ ಗಿಂಡಿ ತಂದರು. ಕೆಡ್ಡಸದ ಕೊನೆಯ ದಿನ ಮನೆಯ ಹೆಂಗಸು ತುಳಸಿಕಟ್ಟೆಯ ಬಳಿ ಭೂಮಿಗೆ ಎಣ್ಣೆ ಬಿಡಬೇಕು. ತುಳಸಿಕಟ್ಟೆಗೆ ಹೋಗಲಿಲ್ಲ. ಗಂಡ ಬಿದ್ದ ಜಾಗಕ್ಕೆ ಹೋಗಿ ಕೂತರು.

ನೆರೆಮನೆಯ ಹೆಂಗಸೊಬ್ಬಳು ಸೆರಗು ಬಾಯಿಗಿಟ್ಟು ಪಿಸುಗುಟ್ಟಿದಳು. "ಸೇಸಕ್ಕ, ಸೂತಕ ಉಂಟಲ್ಲ. ಈಗ ಇದೆಲ್ಲ ಮಾಡುವ ಹಾಗಿಲ್ಲ."

ಸೇಸಮ್ಮ ತಿರುಗಿ ನೋಡಿದರು. ಮೂರು ದಿನ ಬಾರದ ಕಣ್ಣೀರು ಈಗ ಇಳಿಯುತ್ತಿತ್ತು. ಸ್ವರ ಮಾತ್ರ ಅಲುಗಲಿಲ್ಲ.

"ಸೂತಕವನ್ನು ಈಗಷ್ಟೇ ಜೀಪಿನಲ್ಲಿ ಕಳಿಸಿದ್ದೇನೆ ಮಾರಾಯ್ತಿ."

ಎಣ್ಣೆ ಬಿಟ್ಟರು. ಕಲೆಯಾದ ಮಣ್ಣು ಅದನ್ನು ಮೆಲ್ಲನೆ ಕುಡಿಯಿತು.